ಎದೆಯಲ್ಲಿ ಭಯ, ಕೈಯಲ್ಲಿ ಜಪಮಾಲೆ: ಹೆಜ್ಜೆ ಎಣಿಸುತ್ತಾ ಲಾಸಾ ಮುಟ್ಟಿದ ನೈನ್ ಸಿಂಗ್ ಮೇಷ್ಟ್ರು

ಬೈಲಕುಪ್ಪೆಗೋ ಮುಂಡಗೋಡಿಗೋ ಹೋಗಿ ಬಂದವರು ನೋಡಿರ್ತೀರಿ. ವಯಸ್ಸಾದ ಟಿಬೆಟಿಯನ್ ಅಜ್ಜ ಅಜ್ಜಿಯರು ಒಂದು ಕೈಯಲ್ಲಿ ಪ್ರಾರ್ಥನಾ ಚಕ್ರ ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಮಣಿ ಸರಿಸುತ್ತಾ ತಮ್ಮ ಪಾಡಿಗೆ ತಾವು ನಡೆದು ಹೋಗ್ತಿರ್ತಾರೆ. ಯಾರೂ ಅವರನ್ನ ತಡೆದು ಮಾತಾಡಿಸೋದಿಲ್ಲ. ಜಪ ಮಾಡೋರನ್ನ ಮಾತಾಡಿಸಬಾರದು ಅನ್ನೋದು ನಮ್ಮಲ್ಲೂ ಇರೋ ಪದ್ಧತಿಯೇ.

ಈ ಒಂದು ಪದ್ಧತಿಯನ್ನ ನಂಬಿಕೊಂಡು, ಸುಮಾರು 160 ವರ್ಷಗಳ ಹಿಂದೆ, ಒಬ್ಬ ಹಳ್ಳಿ ಮೇಷ್ಟ್ರು ಹಿಮಾಲಯ ದಾಟಿ ಟಿಬೆಟ್‌ನ ರಾಜಧಾನಿ ಲಾಸಾವರೆಗೆ ನಡೆದು ಹೋಗಿ ವಾಪಸ್ ಬಂದರು. ಜಪಮಾಲೆಯಲ್ಲಿ 108 ಮಣಿ ಇರಬೇಕು. ಅವರ ಮಾಲೆಯಲ್ಲಿ ಇದ್ದದ್ದು 100 ಮಾತ್ರ. ಆ ಎಂಟು ಮಣಿ ಕಡಿಮೆ ಇದೆ ಅಂತ ದಾರಿಯಲ್ಲಿ ಯಾರಾದರೂ ಕೂತು ಎಣಿಸಿದ್ದಿದ್ದರೆ ಅವರ ತಲೆ ಉಳೀತಿರಲಿಲ್ಲವೇನೋ.

ಅವರ ಹೆಸರು ನೈನ್ ಸಿಂಗ್ ರಾವತ್. ಹುಟ್ಟಿದ್ದು 1830ರ ಅಕ್ಟೋಬರ್ 21ರಂದು, ಈಗಿನ ಉತ್ತರಾಖಂಡದ ಕುಮಾವೂಂ ಭಾಗದ ಮಿಲಮ್ ಅನ್ನೋ ಹಳ್ಳಿಯಲ್ಲಿ. ಜೋಹಾರ್ ಕಣಿವೆಯ ತುತ್ತತುದಿಯ ಊರು ಅದು, ಸಮುದ್ರಮಟ್ಟದಿಂದ ಸುಮಾರು 11 ಸಾವಿರ ಅಡಿ ಎತ್ತರ. ಊರ ಮೇಲಕ್ಕೆ ಹೋದರೆ ಹಿಮನದಿ, ಅಲ್ಲಿಂದಲೇ ಗೋರಿ ಗಂಗಾ ಹೊಳೆ ಹುಟ್ಟೋದು. ಚಳಿಗಾಲ ಬಂತು ಅಂದರೆ ಊರಿಗೆ ಊರೇ ಮನೆಗೆ ಬೀಗ ಹಾಕಿ, ಕುರಿ ಮೇಕೆ ಹೊಡ್ಕೊಂಡು ಕೆಳಗಿನ ಮುನ್ಸ್ಯಾರಿ ಕಡೆಗೆ ಇಳಿದುಬಿಡುತ್ತಿತ್ತು.

ಅಲ್ಲಿನ ಜನ ಹೊಲ ನೆಚ್ಚಿಕೊಂಡು ಬದುಕಿದವರಲ್ಲ, ವ್ಯಾಪಾರದವರು. ಇಲ್ಲಿಂದ ಧಾನ್ಯ, ಬೆಲ್ಲ, ಬಟ್ಟೆ ಹೇರಿಕೊಂಡು ಕಣಿವೆ ದಾಟಿ ಟಿಬೆಟ್‌ಗೆ ಹೋಗೋದು, ಅಲ್ಲಿಂದ ಉಪ್ಪು, ಉಣ್ಣೆ, ಬಿಳಿಗಾರ ತರೋದು. ಕುರಿ ಮೇಕೆಗಳ ಬೆನ್ನಿಗೇ ಚೀಲ ಕಟ್ಟಿ ಸರಕು ಸಾಗಿಸುತ್ತಿದ್ದರು. ಟಿಬೆಟ್ ಮಾತು, ಅಲ್ಲಿನ ನಡೆ ನುಡಿ, ಯಾವ ಅಧಿಕಾರಿಗೆ ಹೇಗೆ ತಲೆಬಾಗಬೇಕು ಅನ್ನೋದೆಲ್ಲ ಅವರಿಗೆ ಚಿಕ್ಕಂದಿನಿಂದಲೇ ಗೊತ್ತಿರುತ್ತಿತ್ತು. ನೈನ್ ಸಿಂಗ್‌ಗೂ ಬಂಡವಾಳ ಅಂತ ಇದ್ದದ್ದು ಇದೇ.

1855ರಲ್ಲಿ ಜರ್ಮನಿಯಿಂದ ಬಂದ ಶ್ಲಾಗಿಂಟ್‌ವೈಟ್ ಅನ್ನೋ ಅಣ್ಣತಮ್ಮಂದಿರು ಹಿಮಾಲಯ ಅಳೆಯೋಕೆ ಹೊರಟಾಗ ನೈನ್ ಸಿಂಗ್ ಅವರ ಜೊತೆ ಕೆಲಸಕ್ಕೆ ಸೇರಿದರು. ಮಾನಸ ಸರೋವರ, ಲಡಾಖ್ ಎಲ್ಲ ಸುತ್ತಿದರು. ಉಪಕರಣ ಹಿಡಿಯೋದು ಅಲ್ಲೇ ಸ್ವಲ್ಪ ಅಭ್ಯಾಸ ಆಯ್ತು. ಆ ಅಣ್ಣತಮ್ಮಂದಿರಲ್ಲಿ ಅಡಾಲ್ಫ್ ಅನ್ನೋನು ಮುಂದೆ ಕಾಶ್ಗರ್‌ವರೆಗೆ ಹೋಗಿಬಿಟ್ಟ. 1857ರಲ್ಲಿ ಅಲ್ಲಿನ ದೊರೆ ಇವನು ಗೂಢಚಾರ ಅಂತ ಅನುಮಾನಪಟ್ಟು ತಲೆ ತೆಗೆಸಿದ. ಜೊತೆಯಲ್ಲಿ ಓಡಾಡಿದ ಮನುಷ್ಯನಿಗೆ ಆದ ಗತಿ ಇದು. ಊರಿಗೆ ಮರಳಿದ ನೈನ್ ಸಿಂಗ್ ಶಾಲೆ ಮೇಷ್ಟ್ರಾದರು. ಅವರನ್ನ ಪಂಡಿತ ಅಂತ ಕರೆಯೋಕೆ ಶುರುವಾಗಿದ್ದು ಹಾಗೆ. ಅಲ್ಲಿಗೇ ನಿಂತಿದ್ದರೆ ನಾವು ನೀವು ಇವತ್ತು ಅವರ ಹೆಸರು ಕೇಳ್ತಾ ಇರಲಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದಾಗ ಬ್ರಿಟಿಷ್ ಸೇನೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಅನ್ನೋ ಅಧಿಕಾರಿ ಇದ್ದ. ದೇಶವನ್ನ ತ್ರಿಕೋನಗಳಾಗಿ ಕತ್ತರಿಸಿಕೊಂಡು ಅಳೀಬಹುದು ಅನ್ನೋದು ಅವನ ಲೆಕ್ಕಾಚಾರ. 1800ರಲ್ಲಿ ನಮ್ಮ ಬೆಂಗಳೂರಿನ ಹತ್ತಿರವೇ ಸರಪಳಿ ಹಿಡಿದು ನೆಲ ಅಳೆದು ನೋಡಿದ. ಆಮೇಲೆ 1802ರಲ್ಲಿ ಮದ್ರಾಸಿನಿಂದ ದೊಡ್ಡ ಸರ್ವೆ ಶುರುವಾಗಿ, ಅಳತೆ ಮಾಡ್ತಾ ಮಾಡ್ತಾ ಹಿಮಾಲಯದ ಬುಡ ಸೇರಿತು. ಅಲ್ಲಿಂದ ಮುಂದೆ ದಾರಿ ಇಲ್ಲ. ಟಿಬೆಟ್‌ನವರು ಬಿಳಿಯರನ್ನ ಒಳಗೆ ಬಿಡ್ತಿರಲಿಲ್ಲ. ದುರ್ಬೀನಿನಲ್ಲಿ ಕಾಣುವಷ್ಟು ಶಿಖರ ಅಳೆದರು, ಅದರ ಹಿಂದಿನದ್ದು ನಕಾಶೆಯಲ್ಲಿ ಬಿಳಿ ಕಾಗದ. ಲಾಸಾ ಅನ್ನೋ ಊರು ಸರಿಯಾಗಿ ಎಲ್ಲಿದೆ ಅನ್ನೋದೇ ಗೊತ್ತಿರಲಿಲ್ಲ.

ಸರ್ವೆಯಲ್ಲಿದ್ದ ಮಾಂಟ್ಗೊಮರಿ ಅನ್ನೋ ಕ್ಯಾಪ್ಟನ್‌ಗೆ ಒಂದು ಉಪಾಯ ಹೊಳೆಯಿತು. ಬಿಳಿಯರಿಗೆ ಬಾಗಿಲು ಮುಚ್ಚಿದ್ದರೂ ಇಲ್ಲಿನ ವ್ಯಾಪಾರಿಗಳು, ಯಾತ್ರಿಗಳು ಆರಾಮಾಗಿ ಹೋಗಿ ಬರ್ತಾರಲ್ಲ, ಅವರಿಗೇ ಅಳತೆ ಕಲಿಸಿದರೆ? ಮೊದಲು ಕಳಿಸಿದ್ದು ಮೊಹಮ್ಮದ್ ಇ ಹಮೀದ್ ಅನ್ನೋರನ್ನ. ಅವರು ಯಾರ್ಕಂದ್ ಮುಟ್ಟಿದರು, ಆದರೆ ವಾಪಸ್ ಬರುವಾಗ ದಾರಿಯಲ್ಲೇ ತೀರಿಕೊಂಡರು. ಅಳತೆಯ ಪುಸ್ತಕ ಮಾತ್ರ ಕೈ ಸೇರಿತು. 1863ರಲ್ಲಿ ನೈನ್ ಸಿಂಗ್‌ರನ್ನೂ ಅವರ ಸಂಬಂಧಿ ಮಣಿ ಸಿಂಗ್‌ರನ್ನೂ ಡೆಹ್ರಾಡೂನಿಗೆ ಕರೆಸಿಕೊಂಡರು.

ಸುಮಾರು ಎರಡು ವರ್ಷ ತರಬೇತಿ. ಏನು ಕಲಿಸಿದರು ಗೊತ್ತಾ? ನಡೆಯೋದು. ಹತ್ತಲಿ, ಇಳೀಲಿ, ಕಲ್ಲಿರಲಿ, ಹಿಮ ಇರಲಿ, ಒಂದು ಹೆಜ್ಜೆಯ ಉದ್ದ ಮೂವತ್ತೊಂದೂವರೆ ಅಂಗುಲ ಬರಬೇಕು, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಮೈಲಿಗೆ ಸುಮಾರು 2000 ಹೆಜ್ಜೆ. ನೂರು ಹೆಜ್ಜೆಗೆ ಒಂದು ಮಣಿ ಸರಿಸಬೇಕು, ಹತ್ತನೇ ಮಣಿ ದೊಡ್ಡದು. ಇಡೀ ಮಾಲೆ ಒಂದು ಸುತ್ತು ಬಂದರೆ 10 ಸಾವಿರ ಹೆಜ್ಜೆ, ಅಂದಾಜು ಐದು ಮೈಲಿ. 108ರ ಜಾಗದಲ್ಲಿ 100 ಮಣಿ ಇದ್ದದ್ದು ಈ ಲೆಕ್ಕ ಸುಲಭ ಆಗಲಿ ಅಂತ. ಇದನ್ನ ಓದಿದ ಮೇಲೆ ನಾನೂ ಒಂದು ದಿನ ಬೆಳಗ್ಗೆ ವಾಕಿಂಗ್‌ನಲ್ಲಿ ಹೆಜ್ಜೆ ಎಣಿಸೋಕೆ ಹೋದೆ. ಯಾರೋ ಪರಿಚಯದವರು ಸಿಕ್ಕಿ ನಮಸ್ಕಾರ ಅಂದರು, ಲೆಕ್ಕ ತಪ್ಪಿತು. ಐನೂರೂ ಆಗಿರಲಿಲ್ಲ.

ಪ್ರಾರ್ಥನಾ ಚಕ್ರದ ಡಬ್ಬಿಯೊಳಗೆ ಮಂತ್ರ ಬರೆದ ಕಾಗದದ ಸುರುಳಿ ಇರಬೇಕು. ಅವರದ್ದರಲ್ಲಿ ಖಾಲಿ ಕಾಗದ, ದಾರಿಯ ಅಳತೆ ಬರೆದಿಡೋಕೆ. ಯಾತ್ರಿಕರ ಕೋಲಿನಲ್ಲಿ ಥರ್ಮಾಮೀಟರ್. ಪೆಟ್ಟಿಗೆಗೆ ಎರಡು ತಳ, ಅದರ ನಡುವೆ ಸೆಕ್ಸ್‌ಟೆಂಟ್. ಕವಡೆಗಳೊಳಗೆ ಪಾದರಸ ತುಂಬಿ ಮೇಣ ಹಚ್ಚಿದ್ದರು. ರಾತ್ರಿ ಆ ಪಾದರಸವನ್ನ ಊಟದ ಬಟ್ಟಲಿಗೆ ಸುರಿದರೆ ಕನ್ನಡಿಯ ಹಾಗೆ ಸಮನಾಗಿ ನಿಲ್ಲುತ್ತೆ. ಅದರಲ್ಲಿ ನಕ್ಷತ್ರದ ಬಿಂಬ ನೋಡಿ ಕೋನ ಹಿಡಿದು ಊರು ಯಾವ ಅಕ್ಷಾಂಶದಲ್ಲಿದೆ ಅಂತ ತಿಳೀಬಹುದು. ಎತ್ತರ ತಿಳಿಯೋಕೆ ಕುದಿಯೋ ನೀರು. ಮೇಲೆ ಹೋದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತೆ, ಸುಮಾರು ಸಾವಿರ ಅಡಿಗೆ ಒಂದು ಡಿಗ್ರಿ ಸೆಲ್ಸಿಯಸ್‌ನಂತೆ ಇಳಿಯುತ್ತೆ. ಟೀ ಕಾಯಿಸೋ ನೆಪದಲ್ಲಿ ಬೆಟ್ಟದ ಎತ್ತರವೇ ಸಿಕ್ಕಿಬಿಡುತ್ತಿತ್ತು.

1865ರ ಆರಂಭದಲ್ಲಿ ಇಬ್ಬರೂ ಹೊರಟರು. ಮೊದಲು ತಮ್ಮ ಕುಮಾವೂಂ ಕಡೆಯಿಂದಲೇ ನುಗ್ಗೋಣ ಅಂತ ನೋಡಿದರು, ಆಗಲಿಲ್ಲ. ನೇಪಾಳಕ್ಕೆ ಹೋಗಿ ಕಠ್ಮಂಡುವಿನಿಂದ ಕಿರೋಂಗ್ ಗಡಿ ಮುಟ್ಟಿದರು. ಕುದುರೆ ಕೊಳ್ಳೋಕೆ ಬಂದ ವ್ಯಾಪಾರಿಗಳು, ಹಾಗೇ ದೇವರ ದರ್ಶನವೂ ಆಗಲಿ ಅಂತ ಬಂದಿದ್ದೀವಿ ಅಂದರು. ಅಧಿಕಾರಿಗಳು ಸಾಮಾನು ಬಿಚ್ಚಿ ಹುಡುಕಿದರು, ಪೆಟ್ಟಿಗೆಯ ಕಳ್ಳತಳ ಮಾತ್ರ ಸಿಗಲಿಲ್ಲ. ಆದರೆ ಇವರು ಹೇಳಿದ ಊರಿನ ವ್ಯಾಪಾರಿಗಳು ಈ ಕಾಲದಲ್ಲಿ ಈ ದಾರೀಲಿ ಬರೋದಿಲ್ಲವಲ್ಲ ಅನ್ನೋ ಅನುಮಾನ ಅವರಿಗೆ ಬಂತು. ವಾಪಸ್ ಕಳಿಸಿದರು. ಮಣಿ ಸಿಂಗ್ ಆರೋಗ್ಯ ಕೆಟ್ಟು ಅಲ್ಲಿಗೇ ಬಿಟ್ಟರು.

ಇಲ್ಲಿಂದ ನೈನ್ ಸಿಂಗ್ ಹೆಚ್ಚುಕಮ್ಮಿ ಒಬ್ಬಂಟಿ, ಚುಂಬೆಲ್ ಅನ್ನೋ ಒಬ್ಬ ಆಳು ಬಿಟ್ಟರೆ. ಟಿಬೆಟ್‌ಗೆ ಕರ್ಕೊಂಡು ಹೋಗ್ತೀನಿ ಅಂತ ನಂಬಿಸಿ ದುಡ್ಡು ಈಸಿಕೊಂಡ ಒಬ್ಬ ವ್ಯಾಪಾರಿ ಕೈಕೊಟ್ಟ. ಕೊನೆಗೆ ವೇಷ ಬದಲಿಸಿ, ಜಡೆ ಹಾಕಿಕೊಂಡು, ಮತ್ತೆ ಅದೇ ಕಿರೋಂಗ್‌ಗೆ ಬಂದರು. ಅಲ್ಲಿನ ಅಧಿಕಾರಿ ಬಿಡಲೊಲ್ಲ. ಆಗ ನೈನ್ ಸಿಂಗ್ ಹೆದರಿ ಒಂದು ಮಾತು ಕೊಟ್ಟುಬಿಟ್ಟರು. ಲಾಸಾ ಕಡೆ ತಲೆ ಹಾಕೋದಿಲ್ಲ, ಹಾಕಿದರೆ ಪ್ರಾಣವೇ ದಂಡ ಅಂತ. ಆ ಮಾತು ಅವರ ಬೆನ್ನು ಬಿಡಲಿಲ್ಲ, ಮುಂದೆ ಬರುತ್ತೆ.

ಕಾಶ್ಮೀರದ ಮಹಾರಾಜರ ಕಡೆಯಿಂದ ಲಡಾಖ್ ಮಾರ್ಗವಾಗಿ ಲಾಸಾಕ್ಕೆ ಹೋಗೋ ವ್ಯಾಪಾರಿಗಳ ತಂಡ ಒಂದು ಬರೋದಿತ್ತು. ತಾದುಮ್ ಅನ್ನೋ ಊರಲ್ಲಿ ಕಾಯಿಲೆ ಅಂತ ನಾಟಕ ಮಾಡಿ, ಆ ತಂಡ ಬರೋವರೆಗೂ ಮಲಗಿ, ಅವರ ಜೊತೆ ಸೇರಿಕೊಂಡರು. ಅಲ್ಲಿಂದ ಬ್ರಹ್ಮಪುತ್ರದ ಪಕ್ಕದಲ್ಲಿ, ಅದನ್ನ ಅಲ್ಲಿ ಸಾಂಗ್ಪೋ ಅಂತಾರೆ, ದಿನವೂ ನಡಿಗೆ, ದಿನವೂ ಎಣಿಕೆ. ಜೊತೆಗಾರರು ಹತ್ತಿರ ಬಂದು ಮಾತಿಗೆ ಎಳೆದರೆ ಲೆಕ್ಕ ಕೆಡುತ್ತೆ. ಹಾಗಾಗಿ ಯಾರಾದರೂ ಪಕ್ಕಕ್ಕೆ ಬರೋದು ಕಂಡರೆ ಸಾಕು, ಚಕ್ರ ತಿರುಗಿಸುತ್ತಾ ಜಪ ಶುರು. ಬಂದವರು ಭಕ್ತಿಯಿಂದ ದೂರ ಸರೀತಿದ್ದರು.

ಅಕ್ಟೋಬರ್ ಕೊನೆಯಲ್ಲಿ ಶಿಗಾಟ್ಸೆ ತಲುಪಿದರು. ಅಲ್ಲಿರೋದು ತಾಶಿಲ್ಹುಂಪೋ ಮಠ. ಹೆಸರು ಕೇಳಿದ ಹಾಗಿದೆಯಾ? ಅದೇ ಹೆಸರಿನ ಮಠ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಈಗಲೂ ಇದೆ. ಟಿಬೆಟ್ ಬಿಟ್ಟು ಬಂದವರು ಇಲ್ಲಿ ಮತ್ತೆ ಕಟ್ಟಿಕೊಂಡದ್ದು. ಆ ಮಠದ ಮುಖ್ಯಸ್ಥರು ಪಂಚೆನ್ ಲಾಮಾ. ತಂಡದ ವ್ಯಾಪಾರಿಗಳೆಲ್ಲ ದರ್ಶನಕ್ಕೆ ಹೊರಟರು. ನೈನ್ ಸಿಂಗ್‌ಗೆ ಕೈಕಾಲು ಆಡಲಿಲ್ಲ. ಯಾಕೆಂದರೆ ಲಾಮಾಗೆ ಎದುರು ನಿಂತವನ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುತ್ತೆ ಅನ್ನೋ ನಂಬಿಕೆ ಅಲ್ಲಿ. ನೈನ್ ಸಿಂಗ್ ಹಿಂದೂ, ಅದನ್ನ ಪೂರ್ತಿ ನಂಬಿದವರಲ್ಲ. ಆದರೂ ಪೂರ್ತಿ ಸುಳ್ಳು ಅಂತ ಧೈರ್ಯವಾಗಿ ಹೇಳೋಕೂ ಆಗದು. ದೇವಸ್ಥಾನದಲ್ಲಿ ಆಣೆ ಮಾಡೋ ಹೊತ್ತಿಗೆ ನಾಸ್ತಿಕನಿಗೂ ನಾಲಿಗೆ ಒಣಗುತ್ತಲ್ಲ, ಹಾಗೆ. ಹೋಗದೆ ಇದ್ದರೆ ಇವನ್ಯಾಕೆ ಬರಲಿಲ್ಲ ಅಂತ ಅನುಮಾನ. ಹೋದರೆ ಸಿಕ್ಕಿಬೀಳೋ ಭಯ.

ಹೋದರು. ಎತ್ತರದ ಪೀಠದ ಮೇಲೆ ಕೂತಿದ್ದದ್ದು ಹತ್ತು ಹನ್ನೊಂದು ವರ್ಷದ ಹುಡುಗ. ಪ್ರತಿಯೊಬ್ಬರಿಗೂ ಕೇಳೋದು ಮೂರೇ ಪ್ರಶ್ನೆ. ನಿಮ್ಮ ರಾಜರು ಕ್ಷೇಮವೇ, ನಿಮ್ಮ ನಾಡು ಸುಭಿಕ್ಷವೇ, ನೀವು ಆರೋಗ್ಯವೇ ಅಂತ. ಕೊರಳಿಗೆ ರೇಷ್ಮೆ ಪಟ್ಟಿ ಹಾಕಿದರು, ಟೀ ಕೊಟ್ಟರು, ಮುಗೀತು. ಇಷ್ಟಕ್ಕಾ ನಾನು ಹೆದರಿದ್ದು ಅಂತ ನೈನ್ ಸಿಂಗ್ ಹೊರಗೆ ಬಂದು ನಿಟ್ಟುಸಿರು ಬಿಟ್ಟಿರಬೇಕು.

ನಿಜವಾದ ಭಯ ಕಾದಿದ್ದದ್ದು ಲಾಸಾದಲ್ಲಿ. 1866ರ ಜನವರಿ 10ರಂದು ಅವರು ಲಾಸಾ ಮುಟ್ಟಿದರು. ಒಂದು ಕೋಣೆ ಹಿಡಿದು ಮೂರು ತಿಂಗಳಿಗೂ ಹೆಚ್ಚು ಕಾಲ ಇದ್ದರು. ರಾತ್ರಿ ನಕ್ಷತ್ರ, ಹಗಲು ಸೂರ್ಯ, ನಡುನಡುವೆ ಕುದಿಯೋ ನೀರು. ಕೈಯಲ್ಲಿದ್ದ ದುಡ್ಡು ಕರಗುತ್ತಾ ಬಂತು. ಮೇಷ್ಟ್ರಲ್ಲವೇ, ನೇಪಾಳಿ ವ್ಯಾಪಾರಿಗಳಿಗೆ ನಮ್ಮ ಕಡೆ ಲೆಕ್ಕ ಬರೆಯೋ ಪದ್ಧತಿ ಹೇಳಿಕೊಟ್ಟರು. ಅದರಿಂದ ಹೊಟ್ಟೆ ಹೊರೆಯುವಷ್ಟು ಗಿಟ್ಟುತ್ತಿತ್ತು ಅಷ್ಟೇ. ಹೀಗಿರುವಾಗ ಅಲ್ಲೇ ನೆಲೆಸಿದ್ದ ಕಾಶ್ಮೀರಿ ಮೂಲದ ಇಬ್ಬರು ಮುಸ್ಲಿಂ ವ್ಯಾಪಾರಿಗಳಿಗೆ ಈ ಮನುಷ್ಯ ಹೇಳಿಕೊಂಡ ಊರಿನವನಲ್ಲ ಅನ್ನೋದು ಗೊತ್ತಾಗಿಹೋಯ್ತು. ಅಂಗಡಿಯಲ್ಲಿ ಕೂತವರ ಕಣ್ಣು ಅಲ್ವಾ, ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಅಳೆದುಬಿಡುತ್ತೆ. ಅವರು ಒತ್ತಿ ಕೇಳಿದಾಗ ನೈನ್ ಸಿಂಗ್ ನಿಜ ಒಪ್ಪಿಕೊಳ್ಳಬೇಕಾಯ್ತು. ಹೋಗಿ ಹೇಳಿದ್ದರೆ ಅವರಿಗೆ ಬಹುಮಾನ ಸಿಗ್ತಿತ್ತೋ ಏನೋ. ಅವರು ಯಾರಿಗೂ ಬಾಯಿ ಬಿಡಲಿಲ್ಲ. ಮೇಲಾಗಿ ಗಡಿಯಾರ ಅಡವಿಟ್ಟುಕೊಂಡು ಒಂದಿಷ್ಟು ಸಾಲ ಕೊಟ್ಟರು. ಆ ಇಬ್ಬರನ್ನ ಯಾರೂ ನೆನೆಯೋದಿಲ್ಲ, ನನಗೆ ಇಡೀ ಕಥೆಯಲ್ಲಿ ಮರೆಯೋಕಾಗದವರು ಅವರೇ.

ಒಂದು ದಿನ ಬೀದಿಯಲ್ಲಿ ಹೋಗ್ತಿದ್ದಾಗ ಎದುರಿಗೆ ಯಾರು ಕಂಡರು ಅಂದುಕೊಂಡಿರಿ? ಕಿರೋಂಗ್‌ನ ಅದೇ ಅಧಿಕಾರಿ. ಲಾಸಾಕ್ಕೆ ಹೋದರೆ ಪ್ರಾಣ ದಂಡ ಅಂತ ಯಾರ ಮುಂದೆ ಮಾತು ಕೊಟ್ಟಿದ್ದರೋ ಅವರೇ. ಸುಮಾರು ಅದೇ ಹೊತ್ತಿಗೆ ಇನ್ನೊಂದು ಘಟನೆ. ಸೆರಾ ಮತ್ತು ದ್ರೆಪುಂಗ್ ಮಠಗಳ ನಡುವೆ ಜಗಳ ತಂದಿಟ್ಟ ಅಂತ ಒಬ್ಬ ಚೀನಾದವನನ್ನ ಎಲ್ಲರ ಎದುರಿಗೇ ನಿಲ್ಲಿಸಿ ತಲೆ ಕಡಿದರು. ಈ ಎರಡು ಮಠದ ಹೆಸರೂ ನಮಗೆ ಹೊಸದಲ್ಲ, ಸೆರಾ ಬೈಲಕುಪ್ಪೆಯಲ್ಲಿದೆ, ದ್ರೆಪುಂಗ್ ಮುಂಡಗೋಡಿನಲ್ಲಿದೆ. ನೈನ್ ಸಿಂಗ್‌ಗೆ ಕಣ್ಣಮುಂದೆ ಅಡಾಲ್ಫ್ ಬಂದು ನಿಂತಿರಬೇಕು.

ಅವರು ಏನು ಮಾಡಿದರು ಅಂದರೆ, ಬಾಡಿಗೆ ಕೋಣೆ ಬದಲಿಸಿದರು. ಹೊರಗೆ ಓಡಾಡೋದು ಬಹುಮಟ್ಟಿಗೆ ನಿಲ್ಲಿಸಿದರು. ಅಷ್ಟೇ. ಓಡಿ ಹೋಗಲಿಲ್ಲ. ಸಾಹಸಿಗಳ ಕಥೆ ಬರೆಯೋವಾಗ ಭಯವೇ ಇರಲಿಲ್ಲ ಅಂತ ಬರೆಯೋದು ವಾಡಿಕೆ. ನೈನ್ ಸಿಂಗ್ ವಿಷಯದಲ್ಲಿ ಹಾಗೆ ಬರೆಯೋಕೆ ಬರೋದಿಲ್ಲ, ಯಾಕೆಂದರೆ ವಾಪಸ್ ಬಂದಮೇಲೆ ಅವರೇ ಸರ್ವೆಯವರಿಗೆ ಕೊಟ್ಟ ವರದಿಯಲ್ಲಿ ತಾವು ಹೆದರಿದ್ದನ್ನ ಮುಚ್ಚಿಟ್ಟಿಲ್ಲ. ಅಧಿಕಾರಿಗಳ ಮುಂದೆ ಕೆಲಸದ ವರದಿ ಒಪ್ಪಿಸುವಾಗ ನನಗೆ ಕಾಲು ನಡುಗಿತು ಅಂತ ಹೇಳಿಕೊಳ್ಳೋರು ಎಷ್ಟು ಜನ ಇದ್ದಾರೆ ಹೇಳಿ.

ಕೋಣೆಯೊಳಗೆ ಅಡಗಿದ್ದುಕೊಂಡೇ ಲೆಕ್ಕ ಮುಗಿಸಿದರು. ಲಾಸಾದ ಎತ್ತರ 11,700 ಅಡಿ ಅಂತ ಅವರು ಬರೆದುಕೊಂಡರು. ಇವತ್ತಿನ ಲೆಕ್ಕದಲ್ಲಿ ಅದು ಸುಮಾರು 12 ಸಾವಿರ. ಒಂದು ಥರ್ಮಾಮೀಟರ್, ಒಂದು ಪಾತ್ರೆ ಕುದಿಯೋ ನೀರು, ಜೀವಭಯ, ಇಷ್ಟು ಇಟ್ಟುಕೊಂಡು ತಪ್ಪಿದ್ದು ಕೆಲವು ನೂರು ಅಡಿ. ಅಕ್ಷಾಂಶವಂತೂ ಹೆಚ್ಚುಕಮ್ಮಿ ಕರಾರುವಾಕ್ಕು.

1866ರ ಏಪ್ರಿಲ್ 21ರಂದು ಅದೇ ಲಡಾಖಿ ತಂಡದ ಜೊತೆ ಹೊರಟು, ಮಾನಸ ಸರೋವರದ ಕಡೆಯಿಂದ ಊರ ದಾರಿ ಹಿಡಿದರು. ದಾರಿಖರ್ಚಿನ ಸಾಲಕ್ಕೆ ಆಳು ಚುಂಬೆಲ್‌ನನ್ನೇ ಜಾಮೀನಾಗಿ ಬಿಟ್ಟು ಬರಬೇಕಾಯ್ತು, ಆಮೇಲೆ ಬಿಡಿಸಿಕೊಂಡರು. ಅಕ್ಟೋಬರ್ 27ಕ್ಕೆ ಡೆಹ್ರಾಡೂನ್. ಎಣಿಸಿದ ದಾರಿ ಸುಮಾರು 1200 ಮೈಲಿ, ಹೆಜ್ಜೆ ಲೆಕ್ಕದಲ್ಲಿ 25 ಲಕ್ಷದಷ್ಟು.

ಮರುವರ್ಷವೇ ಪಶ್ಚಿಮ ಟಿಬೆಟ್‌ನ ಥೋಕ್ ಜಾಲುಂಗ್ ಅನ್ನೋ ಚಿನ್ನದ ಗಣಿಯ ಕಡೆ ಕಳಿಸಿದರು. 16 ಸಾವಿರ ಅಡಿಗೂ ಮೇಲೆ, ಮೈ ಕೊರೆಯೋ ಗಾಳಿಗೆ ಗಣಿಯವರು ನೆಲ ತೋಡಿ ಗುಂಡಿಯೊಳಗೆ ಡೇರೆ ಹಾಕಿಕೊಂಡಿರುತ್ತಿದ್ದ ಜಾಗ. ಆಮೇಲೆ ಹೊಸಬರಿಗೆ ನಡೆಯೋದು ಕಲಿಸಿದರು, ಅವರಲ್ಲಿ ಸಂಬಂಧಿ ಕಿಶನ್ ಸಿಂಗ್ ದೊಡ್ಡ ಹೆಸರು ಮಾಡಿದರು.

1874ರ ಜುಲೈನಲ್ಲಿ ಕೊನೆಯ ಯಾತ್ರೆ, ಲೇಹ್‌ನಿಂದ, ಲಾಮಾ ವೇಷದಲ್ಲಿ. ಊರ ಕಸುಬಿನಂತೆ ಕುರಿಗಳ ಬೆನ್ನಿಗೆ ಸಾಮಾನು ಹೇರಿಕೊಂಡು. ನವೆಂಬರಿನಲ್ಲಿ ಮತ್ತೆ ಲಾಸಾ. ಈ ಸಲ ಲೇಹ್‌ನ ಗುರುತಿನ ವ್ಯಾಪಾರಿಯೊಬ್ಬ ಕಣ್ಣಿಗೆ ಬಿದ್ದ. ನೈನ್ ಸಿಂಗ್ ಎರಡೇ ದಿನಕ್ಕೆ ಅಲ್ಲಿಂದ ಹೊರಟುಬಿಟ್ಟರು. ಎಂಟು ವರ್ಷದ ಹಿಂದೆ ಕೋಣೆ ಬದಲಿಸಿ ಉಳಿದವರು ಈಗ ಉಳಿಯಲಿಲ್ಲ. ಯಾವಾಗ ನಿಲ್ಲಬೇಕು ಯಾವಾಗ ಜಾಗ ಬಿಡಬೇಕು ಅನ್ನೋ ಲೆಕ್ಕವೂ ಅವರಿಗೆ ಗೊತ್ತಿತ್ತು. ದಕ್ಷಿಣಕ್ಕೆ ತಿರುಗಿ ತವಾಂಗ್‌ಗೆ ಬಂದರೆ ಅಲ್ಲಿ ಫೆಬ್ರವರಿವರೆಗೆ ತಡೆದು ಕೂರಿಸಿದರು. 1875ರ ಮಾರ್ಚ್ 1ರಂದು ಅಸ್ಸಾಮಿನ ಉದಲ್‌ಗುರಿ ಸೇರಿದರು. ಅಷ್ಟು ಹೊತ್ತಿಗೆ ಚಳಿ, ಗಾಳಿ, ವರ್ಷಗಟ್ಟಲೆ ದುಡಿತ ಎಲ್ಲ ಸೇರಿ ಕಣ್ಣಿನ ದೃಷ್ಟಿ ಕೆಟ್ಟುಹೋಗಿತ್ತು.

ಇಷ್ಟೆಲ್ಲ ಮಾಡಿದವರ ಹೆಸರು ಆ ವರ್ಷಗಳಲ್ಲಿ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ವರದಿಗಳಲ್ಲಿ ಬರೀ ಪಂಡಿತ ಅಂತ ಇರುತ್ತಿತ್ತು. ಹೆಸರು ಹೊರಬಿದ್ದರೆ ಮುಂದಿನ ಸಲ ಗಡಿಯಲ್ಲೇ ಕೊರಳಿಗೆ ಬರುತ್ತಿತ್ತಲ್ಲ. 1868ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಚಿನ್ನದ ಗಡಿಯಾರ ಕೊಟ್ಟಿತ್ತು. ಲಾಸಾದಲ್ಲಿ ಗಡಿಯಾರ ಅಡವಿಟ್ಟವರಿಗೆ ಇದು ಸರಿಯಾದ ಉಡುಗೊರೆಯೇ. 1877ರಲ್ಲಿ ಅದೇ ಸಂಸ್ಥೆಯ ಚಿನ್ನದ ಪದಕ ಬಂತು. ಸರ್ಕಾರ ಒಂದು ಹಳ್ಳಿಯ ಕಂದಾಯವನ್ನ ಬಿಟ್ಟುಕೊಟ್ಟಿತು.

ಒಂದು ಮಾತು ಹೇಳದೆ ಇರೋಕಾಗಲ್ಲ. ಟಿಬೆಟ್‌ನವರ ಕಡೆಯಿಂದ ನೋಡಿದರೆ ಈ ಮೇಷ್ಟ್ರು ಮಾತು ಕೊಟ್ಟು ಮುರಿದ ಮನುಷ್ಯ. 1904ರಲ್ಲಿ ಬ್ರಿಟಿಷ್ ಸೇನೆ ಬಂದೂಕು ಹಿಡಿದು ಲಾಸಾಕ್ಕೇ ನುಗ್ಗಿತು. ಆವತ್ತು ಕಿರೋಂಗ್ ಗಡಿಯಲ್ಲಿ ಸಾಮಾನು ಬಿಚ್ಚಿಸಿ ಹುಡುಕಿದವರ ಅನುಮಾನ ಸುಳ್ಳೇನೂ ಆಗಿರಲಿಲ್ಲ.

ನೈನ್ ಸಿಂಗ್ ತೀರಿಕೊಂಡು ನೂರು ವರ್ಷದ ಮೇಲಾಯ್ತು. 2004ರಲ್ಲಿ ನಮ್ಮ ಅಂಚೆ ಇಲಾಖೆ ಅವರ ಚೀಟಿ ತಂದಿತು. 2017ರ ಅಕ್ಟೋಬರ್ 21ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತ್ತು, ಒಬ್ಬಂಟಿಯಾಗಿ ಬೆಟ್ಟ ನೋಡ್ತಾ ನಿಂತ ಮನುಷ್ಯ, ಕೈಯಲ್ಲಿ ಮಾಲೆ. ಮಿಲಮ್ ಹಳ್ಳಿ ಮಾತ್ರ ಬಹುಪಾಲು ಖಾಲಿ. 1962ರ ಯುದ್ಧದ ಮೇಲೆ ಗಡಿ ಮುಚ್ಚಿತು, ಉಪ್ಪು ಉಣ್ಣೆಯ ವ್ಯಾಪಾರ ನಿಂತಿತು, ವ್ಯಾಪಾರ ಇಲ್ಲದ ಮೇಲೆ ಜನ ಯಾಕಿರ್ತಾರೆ, ಊರು ಬಿಟ್ಟರು. ಈಗ ಮುನ್ಸ್ಯಾರಿ ಕಡೆಯಿಂದ ಹಿಮನದಿ ನೋಡೋಕೆ ಚಾರಣಕ್ಕೆ ಹೋಗೋ ಹುಡುಗ ಹುಡುಗಿಯರು ಆ ಊರಿನ ಕುಸಿದ ಕಲ್ಲುಗೋಡೆಗಳ ನಡುವೆಯೇ ಹಾದು ಹೋಗ್ತಾರೆ. ಅವರಿಗೂ ಹೆಜ್ಜೆ ಲೆಕ್ಕ ಗೊತ್ತಿರುತ್ತೆ, ಕೈಗಡಿಯಾರ ತಾನೇ ಎಣಿಸಿ ಹೇಳುತ್ತೆ.